ರೈಖೆನಾವ್ ದ್ವೀಪದ ನೆರೆಹೊರೆಗೆ, ಮಗಳ ಪರವಾಗಿ

ನಮ್ಮ ಮಗಳು ಈ ತಿಂಗಳು ಅಬಿಟೂರ್ ಮುಗಿಸಿದಳು. ಜರ್ಮನಿಯಲ್ಲಿ ಶಾಲೆಯ ಕೊನೆಗೆ ಬರುವ ಪರೀಕ್ಷೆ ಅದು. ಅದಾದರೆ ವಿಶ್ವವಿದ್ಯಾಲಯಕ್ಕೆ ದಾರಿ. ಅಕ್ಟೋಬರ್‌ನಿಂದ ಗಣಿತ ಓದಲು ಹೋಗುತ್ತಾಳೆ. ಸ್ನಾಯುಗಳು ಸೊರಗುತ್ತ ಹೋಗುವ ಕಾಯಿಲೆ ಅವಳಿಗೆ ಹುಟ್ಟಿನಿಂದಲೇ ಇದೆ, ಗಾಲಿಕುರ್ಚಿಯಲ್ಲೇ ಬೆಳೆದವಳು. ಸುದ್ದಿ ತಿಳಿದು ಹಾರೈಸಿದ ನಿಮಗೆಲ್ಲ ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಾರೈಕೆಯ ದೊಡ್ಡ ಪಾಲು ನಾವಿರುವ ಈ ಊರಿಗೆ ಸಲ್ಲಬೇಕು. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ, ಸಾವಿರ ವರ್ಷದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ರೈಖೆನಾವ್ ಎಂಬುದು ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಬೋಡನ್‌ಸೇ ಸರೋವರದೊಳಗಿರುವ ಪುಟ್ಟ ದ್ವೀಪ. ಆಚೆ ದಡ ಸ್ವಿಟ್ಜರ್ಲೆಂಡ್. ದ್ವೀಪವನ್ನೂ ಈಚೆ ದಡದ ಒಂದಿಷ್ಟು ಬಡಾವಣೆಗಳನ್ನೂ ಸೇರಿಸಿದರೆ ಐದು ಸಾವಿರದ ಆಸುಪಾಸು ಜನರ ಊರು. 1838ರಲ್ಲಿ ನೀರಿನ ನಡುವೆ ಏರಿ ಹಾಕಿ ರಸ್ತೆ ಮಾಡುವವರೆಗೂ ಇಲ್ಲಿಗೆ ದೋಣಿಯೇ ಗತಿ. ಈಗ ಆ ಏರಿಯ ಮೇಲೆ ಪಾಪ್ಲರ್ ಮರಗಳ ಸಾಲಿನ ನಡುವೆ ಬಸ್ ಬರುತ್ತದೆ. ದ್ವೀಪದ ಉದ್ದಗಲಕ್ಕೂ ತರಕಾರಿ ತೋಟ: ಸೌತೆಕಾಯಿ, ಟೊಮ್ಯಾಟೊ, ಹತ್ತಾರು ಬಗೆಯ ಸೊಪ್ಪು, ಸಾಲುಸಾಲು ಗಾಜಿನ ಮನೆಗಳು, ಇಳಿಜಾರಿನಲ್ಲಿ ದ್ರಾಕ್ಷಿ. ನಡುವೆ ಮೂರು ಹಳೆಯ ಚರ್ಚುಗಳು.

ಆ ಮೂರೂ ಒಂದು ದೊಡ್ಡ ಮಠದ ಗುರುತು. 724ರಲ್ಲಿ ಪಿರ್ಮಿನ್ ಎಂಬ ಸಂನ್ಯಾಸಿ ಇಲ್ಲಿಗೆ ಬಂದು ಬೆನೆಡಿಕ್ಟೈನ್ ಎಂಬ ಕ್ರೈಸ್ತ ಪಂಥದ ಮಠ ಕಟ್ಟಿದ. ಮುಂದಿನ ಮುನ್ನೂರು ವರ್ಷ ಯುರೋಪಿನ ಓದುಬರಹದ ದೊಡ್ಡ ಕೇಂದ್ರಗಳಲ್ಲಿ ಇದೂ ಒಂದು. ಚಕ್ರವರ್ತಿಗಳಿಗಾಗಿ ಚಿನ್ನದ ಬಣ್ಣದಲ್ಲಿ ಚಿತ್ರ ಬರೆದ ಹಸ್ತಪ್ರತಿಗಳು ಇಲ್ಲಿಂದ ಹೋಗುತ್ತಿದ್ದವು. 9ನೇ ಶತಮಾನದಲ್ಲಿ ಮಠಾಧಿಪತಿಯಾಗಿದ್ದ ವಾಲಾಫ್ರಿಡ್ ಸ್ಟ್ರಾಬೊ ತನ್ನ ಕೈತೋಟದ ಗಿಡಮೂಲಿಕೆಗಳ ಮೇಲೆ ಲ್ಯಾಟಿನ್‌ನಲ್ಲಿ ಪದ್ಯ ಬರೆದ. ಮೊದಲು ತುರಿಕೆ ಗಿಡ ಕಿತ್ತು ನೆಲ ಹದ ಮಾಡುವುದರಿಂದಲೇ ಶುರು ಮಾಡುತ್ತಾನೆ, ನಿಜವಾಗಿ ಮಣ್ಣು ಮುಟ್ಟಿದವನು. ಅವನ ನೆನಪಿಗೆ ದ್ವೀಪದ ನಡುಭಾಗವಾದ ಮಿಟ್ಟೆಲ್‌ಸೆಲ್‌ನ ದೊಡ್ಡ ಚರ್ಚಿನ ಪಕ್ಕದಲ್ಲಿ ಈಗಲೂ ಒಂದು ಮೂಲಿಕೆ ತೋಟ ಇಟ್ಟಿದ್ದಾರೆ. ಆಮೇಲೆ ಮಠ ಇಳಿಮುಖವಾಗಿ, 1540ರಲ್ಲಿ ಪಕ್ಕದ ಪಟ್ಟಣ ಕಾನ್‌ಸ್ಟನ್ಸ್‌ನ ಬಿಷಪ್ಪನ ಕೈಸೇರಿ, ಕೊನೆಗೆ ಮುಚ್ಚಿಯೂ ಹೋಯಿತು. 2000ದಲ್ಲಿ ಯುನೆಸ್ಕೊ ಇಡೀ ದ್ವೀಪವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷವೇ ದ್ವೀಪದ ಪಶ್ಚಿಮ ತುದಿಯ ನೀಡರ್‌ಸೆಲ್‌ನಲ್ಲಿ ಕೆಲವೇ ಸಂನ್ಯಾಸಿಗಳ ಸಣ್ಣ ಬಳಗವೊಂದು ಮತ್ತೆ ಬಂದು ನೆಲೆಸಿತು.

ಆದರೆ ನಮ್ಮ ಮನೆಯಲ್ಲಿ ದಿನಬೆಳಗಾದರೆ ಬಾಯಿಗೆ ಬರುವ ಹೆಸರು ಪಿರ್ಮಿನ್, ವಾಲಾಫ್ರಿಡ್ ಇಬ್ಬರದೂ ಅಲ್ಲ, ಹೆರ್ಮನ್‌ನದು. ಜನ ಅವನನ್ನು ಕುಂಟ ಹೆರ್ಮನ್ ಎಂದೇ ಕರೆಯುತ್ತಾರೆ. 1013ರಲ್ಲಿ ಆಲ್ಟ್ಸ್‌ಹೌಸೆನ್‌ನ ದೊರೆಮನೆಯಲ್ಲಿ ಹುಟ್ಟಿದವನು. ಏಳನೇ ವಯಸ್ಸಿಗೇ ಓದಿಗೆ ಬಿಟ್ಟರು, ಮುಂದೆ ಇಲ್ಲಿ ಸಂನ್ಯಾಸಿಯಾದ. ಅವನ ಶಿಷ್ಯ ಬೆರ್ಟೋಲ್ಡ್ ಬರೆದಿಟ್ಟದ್ದನ್ನು ಓದಿದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಗುರುವಿಗೆ ತಾನಾಗಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಲೂ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯಬೇಕು. ಬಾಗಿ ಕೂತು ಬರೆಯುವುದೇ ಕಷ್ಟ, ಮಾತು ತೊದಲು, ಕೇಳುವವರಿಗೆ ಅರ್ಥವಾಗುವುದೂ ಕಷ್ಟ. ಇಂಥವನು ಕ್ರಿಸ್ತನ ಹುಟ್ಟಿನಿಂದ ತನ್ನ ಕಾಲದವರೆಗಿನ ಚರಿತ್ರೆಯನ್ನು ವರ್ಷವಾರು ಬರೆದ. ನಕ್ಷತ್ರಗಳ ಎತ್ತರ ಅಳೆಯುವ ಆಸ್ಟ್ರೊಲೇಬ್ ಮಾಡುವ ಬಗೆ ಬರೆದ, ಅಬಾಕಸ್ ಎಂಬ ಎಣಿಕೆಯ ಹಲಗೆಯ ಮೇಲೆ ಗುಣಾಕಾರ ಭಾಗಾಕಾರ ಮಾಡುವುದನ್ನು ಬರೆದ, ಸಂಗೀತಶಾಸ್ತ್ರ ಬರೆದ. 1054ರಲ್ಲಿ, ನಲವತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಚರಿತ್ರೆಯನ್ನು ಬೆರ್ಟೋಲ್ಡನೇ ಮುಂದುವರಿಸಿದ.

ಈ ದ್ವೀಪದವರು ಅವನನ್ನು ಹೊತ್ತರು, ಸರಿ. ಹೊತ್ತೊಯ್ದು ಕೂರಿಸಿದ್ದೆಲ್ಲಿ? ಪಾಠದ ಮನೆಯಲ್ಲಿ, ಮೇಷ್ಟ್ರಾಗಿ. ಕನಿಕರ ಪಡುವವರು ಎಲ್ಲ ಕಾಲದಲ್ಲೂ ಎಲ್ಲ ಊರಲ್ಲೂ ಇರುತ್ತಾರೆ. ಮೈ ಸಹಕರಿಸದ ಮನುಷ್ಯನಿಗೆ ಕೆಲಸ ಒಪ್ಪಿಸಿ, ಅದನ್ನು ಅವನು ಸರಿಯಾಗಿಯೇ ಮಾಡಬೇಕೆಂದು ಕಾದು ಕೂರುವವರು ಅಪರೂಪ. ನಮ್ಮ ಮಗಳಿಗೆ ಈ ಊರು ಕೊಟ್ಟದ್ದು ಅಂಥ ಗೌರವ. ನನ್ನ ಧನ್ಯವಾದವೆಲ್ಲ ಅದಕ್ಕೇ.

ದ್ವೀಪದ ಪೂರ್ವ ತುದಿಯ ಓಬರ್‌ಸೆಲ್‌ನ ಸೇಂಟ್ ಗಿಯೋರ್ಗ್ ಚರ್ಚಿನ ಒಳಗೋಡೆಗಳ ಮೇಲೆ ಸಾವಿರ ವರ್ಷದ ಹಿಂದಿನ ದೊಡ್ಡ ಚಿತ್ರಗಳಿವೆ, ಯೇಸುವಿನ ಪವಾಡಗಳವು. ಕುರುಡನಿಗೆ ಕಣ್ಣು ಬರುತ್ತದೆ, ಕುಷ್ಠರೋಗಿ ಗುಣವಾಗುತ್ತಾನೆ, ಸತ್ತ ಲಾಜರಸ್ ಏಳುತ್ತಾನೆ, ಸರೋವರದ ಬಿರುಗಾಳಿ ತಣ್ಣಗಾಗುತ್ತದೆ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಊರಿನ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ಅಲ್ಲಿಗೆ ಕರೆದೊಯ್ದು ಒಂದೊಂದನ್ನೂ ವಿವರಿಸಿದರು. ಮಗಳು ಆಗಿನ್ನೂ ಚಿಕ್ಕವಳು. ಎಲ್ಲ ಕೇಳಿಸಿಕೊಂಡು, "ಹಾಗಾದರೆ ಹೆರ್ಮನ್‌ನನ್ನು ಯಾಕೆ ವಾಸಿ ಮಾಡಲಿಲ್ಲ?" ಎಂದಳು. ನನಗೆ ಎದೆ ಧಸಕ್ಕೆಂದಿತು. ಆ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅದು ನನಗೂ ಗೊತ್ತಿಲ್ಲಮ್ಮ. ಅವನು ಲೆಕ್ಕ ಹೇಗೆ ಮಾಡುತ್ತಿದ್ದ ಅನ್ನೋದು ಗೊತ್ತು, ಮನೆಗೆ ಬಾ, ತೋರಿಸ್ತೀನಿ" ಎಂದರು. ನಾವು ಆ ದಿನದಿಂದ ಅವರನ್ನು ಓಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತೇವೆ.

ಓಮಾ ತೋರಿಸಿದ್ದು ರಿತ್ಮೊಮಾಖಿಯ ಎಂಬ ಮಧ್ಯಯುಗದ ಆಟ. ಚದುರಂಗದ ಹಾಗೆ ಹಾಸು, ಎರಡು ಕಡೆಯ ಸೈನ್ಯ, ಆದರೆ ಒಂದೊಂದು ಕಾಯಿಯ ಮೇಲೂ ಒಂದು ಸಂಖ್ಯೆ. ಕೂಡಿ, ಗುಣಿಸಿ ಎದುರಾಳಿಯ ಕಾಯಿ ಹಿಡಿಯಬೇಕು. ಸಂಖ್ಯೆಗಳನ್ನು ಅನುಪಾತದಲ್ಲಿ ಜೋಡಿಸಿದವರು ಗೆದ್ದರು. ಹೆರ್ಮನ್ ಇದರ ಬಗ್ಗೆಯೂ ಬರೆದಿದ್ದಾನೆ. ಕರ್ನಾಟಕದ ನಮ್ಮೂರು ಸಾಗರದಲ್ಲಿ ಅವಳ ಅಜ್ಜ, ನನ್ನ ಅಪ್ಪ, ಜಗಲಿಯ ಮೇಲೆ ಕೂರಿಸಿಕೊಂಡು ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ ಮಾಡಿಸಿದ್ದರು, ತಪ್ಪಿದರೆ ಮೊದಲಿನಿಂದ. ಕೈಲಾಗದ ಮಗು ಎಂದು ಒಂದು ಸಾಲನ್ನೂ ಬಿಟ್ಟುಕೊಟ್ಟವರಲ್ಲ. ಆ ಮಗ್ಗಿ ಹಿಡಿದುಕೊಂಡು ಬಂದವಳು ಓಮಾಳ ಅಡುಗೆಮನೆಯ ಮೇಜಿನಲ್ಲಿ ಮೊದಲ ದಿನವೇ ಗೆದ್ದಳು. ಜರ್ಮನ್ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ, ನಿಮಗೂ ಈ ಬರಹದಲ್ಲಿ ಪಾಲಿದೆ.

ಪಕ್ಕದ ತೋಟದ ಯಜಮಾನರು ರಸ್ತೆ ಬದಿ ಒಂದು ತರಕಾರಿ ಕಟ್ಟೆ ಇಟ್ಟಿದ್ದಾರೆ. ಇಲ್ಲಿ ಅಂಥವು ಹಲವು. ಮಾರುವವರು ಯಾರೂ ಇರುವುದಿಲ್ಲ. ಬೇಕಾದ್ದು ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗುವುದು. ಒಂದು ಬೇಸಿಗೆ ಅವರು ಮನೆಗೆ ಬಂದು, ಕಟ್ಟೆಯ ಲೆಕ್ಕ ಬರೆಯಲು ಜನ ಬೇಕು, ನಿಮ್ಮ ಮಗಳು ಒಪ್ಪುತ್ತಾಳಾ ಎಂದು ಕೇಳಿದರು. ನನ್ನನ್ನಲ್ಲ, ಅವಳನ್ನೇ ನೋಡುತ್ತ ಕೇಳಿದರು. ಗಾಲಿಕುರ್ಚಿ ಮೇಲೇರಲು ಹಲಗೆ ಇಳಿಜಾರು ಮಾಡಿ, ಮೇಜಿನ ಎತ್ತರವನ್ನು ಅವಳ ಕೈಗೆ ತಕ್ಕ ಹಾಗೆ ಕೊಯ್ದು ಕೊಟ್ಟರು. ಸಂಬಳ ನಿಗದಿ ಮಾಡಿದರು. ಒಮ್ಮೆ ಲೆಕ್ಕ ತಾಳೆಯಾಗದೆ ಹೋದಾಗ ಬಿಡು ಅನ್ನಲಿಲ್ಲ, ಇಬ್ಬರೂ ಕೂತು ಸಂಜೆಯವರೆಗೆ ಹುಡುಕಿದರು. ಯಜಮಾನರೇ, ಆ ಸಂಜೆಗೆ ನಾನು ನಿಮಗೆ ಎಷ್ಟು ಋಣಿಯೆಂದು ನಿಮ್ಮ ಭಾಷೆಯಲ್ಲಿ ಹೇಳಲು ನನಗೆ ಇನ್ನೂ ಬರುವುದಿಲ್ಲ.

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಚಳಿಗಾಲ ನಮಗೆ ಎಲ್ಲಕ್ಕಿಂತ ಕಷ್ಟದ್ದು. ವಾರಗಟ್ಟಲೆ ನಾನು ಆಸ್ಪತ್ರೆಯಲ್ಲಿ, ಗಂಡ ಕಚೇರಿಗೂ ಆಸ್ಪತ್ರೆಗೂ ಓಡಾಟ. ಮನೆ ಬಾಗಿಲಲ್ಲಿ ಸೊಪ್ಪು, ಗಡ್ಡೆ ತುಂಬಿದ ಪೆಟ್ಟಿಗೆ ಇರುತ್ತಿತ್ತು. ನಾವು ಮಾಂಸ ತಿನ್ನುವುದಿಲ್ಲವೆಂದು ಯಾರಿಗೆ ಯಾರು ಹೇಳಿದ್ದರೋ, ಸೂಪಿನ ಪಾತ್ರೆಯ ಮೇಲೆ ಚೀಟಿ ಅಂಟಿಸಿರುತ್ತಿದ್ದರು. ಅವಳ ತರಗತಿಯ ಮಕ್ಕಳು ಪಾಠದ ಟಿಪ್ಪಣಿ ಕಳಿಸುತ್ತಿದ್ದರು. ಕಟ್ಟೆಯ ಲೆಕ್ಕದ ಪುಸ್ತಕವೂ ಆಸ್ಪತ್ರೆಗೆ ಬಂತು! ನಮ್ಮವರೇ ಕೆಲವರಿಗೆ ಅದು ಕಠೋರವೆನಿಸಿತು. ಅವಳು ಮಾತ್ರ ಅದನ್ನು ಕಂಡು ಅರಳಿದ್ದನ್ನು ನಾನು ಮರೆಯಲಾರೆ.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಊರಿನ ಬಗ್ಗೆ ಪೂರ್ತಿ ಹೇಳಿದಂತಾಗುವುದಿಲ್ಲ. ಏರಿಯ ಆಚೆ, ದಡದ ಮೇಲೆ, ಇದೇ ಊರಿಗೆ ಸೇರಿದ ಮನೋರೋಗಗಳ ಆಸ್ಪತ್ರೆ ಇದೆ, 1913ರಲ್ಲಿ ಶುರುವಾದದ್ದು. ನಾತ್ಸಿಗಳ ಕಾಲದಲ್ಲಿ, 1940ರಲ್ಲಿ, ಅಲ್ಲಿದ್ದ ನೂರಾರು ರೋಗಿಗಳನ್ನು ಬಸ್ಸುಗಳಲ್ಲಿ ಗ್ರಾಫೆನೆಕ್‌ಗೆ ಸಾಗಿಸಿ ವಿಷಾನಿಲದಲ್ಲಿ ಕೊಂದರು. ಗ್ರಾಫೆನೆಕ್ ಒಂದರಲ್ಲೇ ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಅಂಗವಿಕಲರು, ಮನೋರೋಗಿಗಳು ಸತ್ತರು. ಕೆಲಸಕ್ಕೆ ಬಾರದ ಜೀವಗಳು ಎಂಬುದು ಕೊಂದವರು ಕೊಟ್ಟ ಕಾರಣ. ಇದನ್ನು ನಮಗೆ ಹೇಳಿದವರೂ ಓಮಾನೇ. ಮಗಳು ಹೈಸ್ಕೂಲಿಗೆ ಬಂದ ವರ್ಷ, ಅವಳೆದುರಿಗೇ, ಏನೂ ಮುಚ್ಚಿಡದೆ ಹೇಳಿದರು. ಹೆರ್ಮನ್‌ನ ಕಥೆ ಹೇಳುವವರು ಇದನ್ನೂ ಹೇಳಬೇಕು ಎಂದರು. ಆ ಪ್ರಾಮಾಣಿಕತೆಯಿಂದಲೇ ನಾನು ಈ ಊರನ್ನು ನಂಬಿದೆ.

2024ರಲ್ಲಿ ಮಠಕ್ಕೆ 1300 ವರ್ಷ ತುಂಬಿತು. ಕಾನ್‌ಸ್ಟನ್ಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು, ಎಲ್ಲೆಲ್ಲೋ ಹಂಚಿಹೋಗಿದ್ದ ಹಸ್ತಪ್ರತಿಗಳು ಕೆಲವು ತಿಂಗಳ ಮಟ್ಟಿಗೆ ಸರೋವರದ ದಡಕ್ಕೆ ಬಂದವು. ನಾವೂ ಹೋಗಿ ನೋಡಿದೆವು. ಗಾಜಿನ ಪೆಟ್ಟಿಗೆಗಳ ಮುಂದೆ ಮಗಳು ಸುತ್ತಲಿನವರಿಗೆ ಹೆರ್ಮನ್‌ನ ಲೆಕ್ಕ ವಿವರಿಸುತ್ತಿದ್ದರೆ, ಅಪರಿಚಿತರು ನಿಂತು ಕೇಳಿದರು.

ಬಸ್ಸಿನ ಹಲಗೆ ಇಳಿಸಿ ಹತ್ತಿಸಿದ ಚಾಲಕರಿಗೆ, ಅರ್ಜಿಗಳನ್ನು ನಮ್ಮ ಜೊತೆ ಕೂತು ತುಂಬಿಸಿದ ಪಂಚಾಯಿತಿ ಕಚೇರಿಯ ಗುಮಾಸ್ತೆಗೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಿಸಿದ, ಅಂಕ ಮಾತ್ರ ಒಂದನ್ನೂ ಹೆಚ್ಚು ಕೊಡದ ಗಣಿತದ ಮೇಷ್ಟ್ರಿಗೆ, ಗಂಟಲು ಕಟ್ಟಿದ ಹೊತ್ತಲ್ಲಿ ಸಾಗರದಿಂದ ಫೋನ್ ಮಾಡಿ ಕನ್ನಡದಲ್ಲಿ ಅಳಲು ಬಿಟ್ಟ ಅತ್ತಿಗೆಗೆ, ನಮಸ್ಕಾರ.

ಆಗಸ್ಟ್ 15 ಯೇಸುವಿನ ತಾಯಿ ಮರಿಯಮ್ಮನವರ ಹಬ್ಬ, ಈ ದ್ವೀಪದ ಮೂರು ಹಬ್ಬಗಳಲ್ಲೊಂದು. ಬೆಳಿಗ್ಗೆ ಊರಿನ ಮೆರವಣಿಗೆ. ಅದು ಮುಗಿದ ಮೇಲೆ ನಮ್ಮ ಹಿತ್ತಲಲ್ಲಿ ಊರವರಿಗೆ ಊಟ ಇಟ್ಟುಕೊಂಡಿದ್ದೇವೆ: ಚಿತ್ರಾನ್ನ, ಇಲ್ಲಿನದೇ ಸೌತೆಕಾಯಿಯ ಕೋಸಂಬರಿ, ಶಾವಿಗೆ ಪಾಯಸ. ಕಾನ್‌ಸ್ಟನ್ಸ್ ಕಡೆಯ ಕನ್ನಡದ ಮನೆಯವರು ಹಿಂದಿನ ದಿನವೇ ಬಂದರೆ ಉಪಕಾರ. ಕಾಯಿ ತುರಿಯಲು ಕೈ ಬೇಕು. ದೊಡ್ಡ ಪಾತ್ರೆ ಇದ್ದವರು ತನ್ನಿ. ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎಂಬ ಲೆಕ್ಕವನ್ನು ಮಗಳು ಆಗಲೇ ಬರೆದಿಟ್ಟಿದ್ದಾಳೆ.