ನೌಕರಿಗೆ ಹೋಗುವವರು ಬಸ್ಸು ಹತ್ತಲಿ

ಮಾನ್ಯ ಸಂಪಾದಕರೇ,

ಕುಮಟಾ, ಅಂಕೋಲಾ ಕಡೆಯಿಂದ ಕಾರವಾರದ ಕಚೇರಿ, ಶಾಲೆ, ಬ್ಯಾಂಕುಗಳಿಗೆ ದಿನವೂ ಹೋಗಿ ಬರುವ ನೌಕರರಲ್ಲಿ ಬೈಕು, ಕಾರುಗಳಲ್ಲಿ ಒಬ್ಬೊಬ್ಬರೇ ಹೊರಡುವವರು ಈಗ ಬಹಳ. ಮನೆಯ ಹತ್ತಿರವೇ ಬಸ್ಸು ಸಿಗುವಂತಿದ್ದು, ಗೊತ್ತಾದ ವೇಳೆಗೆ ಹೋಗಿ ಗೊತ್ತಾದ ವೇಳೆಗೆ ಮರಳುವ ಇಂಥವರು ನಿತ್ಯದ ಓಡಾಟಕ್ಕೆ ಬಸ್ಸನ್ನೇ ಬಳಸಬೇಕು ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಅವರು ಬಸ್ಸು ಬಿಟ್ಟರೆ, ಬಸ್ಸಿನ ಹೊರತು ಬೇರೆ ಗತಿಯಿಲ್ಲದವರಿಗೆ ಏನಾಗುತ್ತದೆ ಎಂಬುದೇ ನನ್ನ ಮುಖ್ಯ ಕಳವಳ.

ಒಂದು ಮಾರ್ಗದಲ್ಲಿ ಬಸ್ಸು ಉಳಿಯಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಕಿಲೋಮೀಟರಿಗೆ ಬರುವ ಆದಾಯದ ಲೆಕ್ಕಕ್ಕೆ ದೊಡ್ಡ ಪಾತ್ರವಿದೆ. ಜನ ಕಡಿಮೆಯಾದರೆ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಆ ಟ್ರಿಪ್ ರದ್ದಾಗುತ್ತದೆ ಅಥವಾ ಬೇರೆ ಹೊತ್ತಿನ ಟ್ರಿಪ್ಪಿನೊಂದಿಗೆ ಸೇರಿಹೋಗುತ್ತದೆ. ಕಾಯುವ ಹೊತ್ತು ಹೆಚ್ಚಿದ್ದರಿಂದ ಇನ್ನಷ್ಟು ಜನ ಬೈಕು ಕೊಳ್ಳುತ್ತಾರೆ, ಮರುವರ್ಷ ಮತ್ತೊಂದು ಟ್ರಿಪ್ ಹೋಗುತ್ತದೆ. ಹೀಗೆ ಬಸ್ಸು ಕಡಿಮೆಯಾದಾಗ ಕಷ್ಟಕ್ಕೆ ಬೀಳುವವರು ಬೈಕು ಕೊಂಡವರಲ್ಲ. ಕಾಲೇಜಿಗೆ ಪಾಸಿನ ಮೇಲೆ ಹೋಗುವ ಹುಡುಗ ಹುಡುಗಿಯರು, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತಿಂಗಳ ಔಷಧಿಗೆಂದು ಬರುವ ವಯಸ್ಸಾದವರು, ಮೀನಿನ ಬುಟ್ಟಿ ಹೊತ್ತು ಸಂತೆಗೆ ಹೋಗುವ ಹೆಂಗಸರು ರಸ್ತೆ ಬದಿಯಲ್ಲಿ ನಿಂತು ಕಾಯುತ್ತಾರೆ.

ಘಟ್ಟದ ಮೇಲೆ ಇದು ಇನ್ನೂ ಕಠಿಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಮನೆಗಳು ಒಂದೆಡೆ ಇರುವುದಿಲ್ಲ. ತೋಟಕ್ಕೊಂದು, ಗುಡ್ಡದ ಮಗ್ಗುಲಿಗೊಂದು. ಇಂಥ ಊರುಗಳಿಗೆ ಸಂಜೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಪೇಟೆಗೆ ಹೊರಡುವ ವಸತಿ ಬಸ್ಸು ಬರಿಯ ಒಂದು ವಾಹನವಲ್ಲ ಎಂಬುದು ಆ ಊರಿನವರಿಗೆ ಗೊತ್ತು. ಹೆಣ್ಣುಮಗಳೊಬ್ಬಳು ಪಿಯುಸಿ ಮುಗಿಸಿದ ಮೇಲೆ ಓದು ಮುಂದುವರಿಸುವಳೇ, ಪೇಟೆಯಲ್ಲಿ ಹಾಸ್ಟೆಲ್ ಸಿಗದೆ ಮನೆಯಲ್ಲೇ ಉಳಿಯುವಳೇ ಎಂಬುದು ಎಷ್ಟೋ ಸಲ ಆ ಒಂದು ಬಸ್ಸಿನ ಮೇಲೆಯೇ ನಿಂತಿರುತ್ತದೆ. ಆ ಊರಿನ ಶಿಕ್ಷಕರೂ ಪಂಚಾಯಿತಿಯ ಸಿಬ್ಬಂದಿಯೂ ಅದೇ ಬಸ್ಸಿನಲ್ಲಿ ಓಡಾಡಿದರೆ ಅದನ್ನು ರದ್ದು ಮಾಡುವುದು ಅಷ್ಟು ಸುಲಭವಾಗದು. ಟಿಕೆಟ್ಟಿನ ಹಣಕ್ಕಿಂತ ಹೆಚ್ಚಾಗಿ, ಬಸ್ಸು ನಿಂತರೆ ಕೇಳುವ ದನಿ ಅವರಿಗೆ ಇದೆ, ಹಳ್ಳಿಯ ಹುಡುಗಿಗೆ ಇಲ್ಲ.

ನಮ್ಮ ಕರಾವಳಿಗೆ ರಸ್ತೆಯ ಪ್ರಶ್ನೆಯೂ ಇದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ದಾಟುತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಈ ಜಿಲ್ಲೆಯ ಕರಾವಳಿಗೆ ಇರುವ ಒಂದೇ ದೊಡ್ಡ ದಾರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅದಾದ ಮೂರು ವಾರಗಳಿಗೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದುಬಿದ್ದು, ಎರಡೂ ಕಡೆಯ ವಾಹನಗಳನ್ನು ಪಕ್ಕದ ಹೊಸ ಸೇತುವೆಯ ಮೇಲೆಯೇ ಬಿಡಬೇಕಾಯಿತು. ವಾಹನ ಹೆಚ್ಚಿದಂತೆಲ್ಲ ರಸ್ತೆ ಅಗಲಿಸುತ್ತ ಹೋಗಲು ನಮ್ಮಲ್ಲಿ ಜಾಗವಿಲ್ಲ. ಅಗಲಿಸಬೇಕೆಂದರೆ ಮತ್ತೆ ಗುಡ್ಡವನ್ನೇ ಕಡಿಯಬೇಕು. ಇದ್ದ ರಸ್ತೆಯಲ್ಲಿ ಹೆಚ್ಚು ಜನರನ್ನು ಸಾಗಿಸುವ ದಾರಿ ಬಸ್ಸು ಮಾತ್ರ.

ಇಂಧನದ ಲೆಕ್ಕವನ್ನು ಯಾರೂ ಮನೆಯಲ್ಲೇ ಮಾಡಿ ನೋಡಬಹುದು. ಬಸ್ಸು ಲೀಟರ್ ಡೀಸೆಲ್ಲಿಗೆ ಸುಮಾರು 5 ಕಿ.ಮೀ. ಓಡುತ್ತದೆ, ಅದರಲ್ಲಿ 50 ಜನರಿದ್ದರೆ ಆ ಒಂದು ಲೀಟರಿನಲ್ಲಿ ಅಷ್ಟೂ ಜನ 5 ಕಿ.ಮೀ. ದಾಟಿದಂತಾಯಿತು. ಲೀಟರಿಗೆ 15 ಕಿ.ಮೀ. ಕೊಡುವ ಕಾರುಗಳಲ್ಲಿ ಒಬ್ಬೊಬ್ಬರೇ ಹೋದರೆ ಅಷ್ಟೇ ಜನ ಅಷ್ಟೇ ದೂರ ಹೋಗಲು 16 ಲೀಟರಿಗೂ ಹೆಚ್ಚು ಬೇಕು. ಲೀಟರಿಗೆ 50 ಕಿ.ಮೀ. ಓಡುವ ಬೈಕುಗಳಾದರೆ 5 ಲೀಟರ್. ಆದರೆ ಬೈಕಿನ ವಿಷಯದಲ್ಲಿ ನನಗೆ ಪೆಟ್ರೋಲಿಗಿಂತ ಜೀವದ ಚಿಂತೆ ಹೆಚ್ಚು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ನಮ್ಮ ಮಳೆಯಲ್ಲಿ, ಟ್ಯಾಂಕರ್, ಲಾರಿಗಳ ಮಗ್ಗುಲಲ್ಲಿ, ರೇನ್‌ಕೋಟು ತೊಟ್ಟು ಮುಸ್ಸಂಜೆಗೆ ಮನೆ ಸೇರುವವರ ದಾರಿ ಕಾಯುವ ಮನೆಯವರ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸ್ಸು ಬಿಟ್ಟವರಿಗೂ ಅವರದೇ ಕಾರಣಗಳಿವೆ, ಅವುಗಳಲ್ಲಿ ಕೆಲವು ನಿಜವಾದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ ಎಂದು ದೂರುವವರಿದ್ದಾರೆ. ನೂಕುನುಗ್ಗಲು ಸುಳ್ಳಲ್ಲ, ಆದರೆ ಅದಕ್ಕೆ ಮಹಿಳೆಯರನ್ನು ದೂರುವುದು ತಪ್ಪು. ಇಷ್ಟು ದಿನ ಖರ್ಚಿಗೆ ಹೆದರಿ ಮನೆಯಲ್ಲಿ ಉಳಿದಿದ್ದವರು ಈಗ ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೋಗುತ್ತಿದ್ದಾರೆ ಎಂದರೆ ಬಸ್ಸುಗಳ ಸಂಖ್ಯೆ ಹೆಚ್ಚಿಸಬೇಕು ಎಂದೇ ಅರ್ಥ. ಸರ್ಕಾರಿ ಕಚೇರಿ ಸಂಜೆ 5.30ಕ್ಕೆ ಮುಗಿಯುತ್ತದೆ; ಅದಾದ ಅರ್ಧ ಗಂಟೆಯೊಳಗೆ ಅಂಕೋಲಾ, ಕುಮಟಾ ಕಡೆಗೆ ನಂಬಿಕೊಳ್ಳಬಹುದಾದ ಬಸ್ಸುಗಳು ಹೊರಡದಿದ್ದರೆ ನೌಕರರು ಬಸ್ಸಿಗೆ ಮರಳಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ. ರೈಲಿನ ಕಥೆಯೂ ಹೀಗೆಯೇ. ಕೊಂಕಣ ರೈಲು ಕರಾವಳಿಯ ಉದ್ದಕ್ಕೂ ಇದೆ, ಆದರೆ ಕಾರವಾರದ ನಿಲ್ದಾಣ ಪೇಟೆಯಿಂದ ದೂರ ಶಿರವಾಡದಲ್ಲಿದೆ. ರೈಲಿನ ವೇಳೆಗೆ ಹೊಂದುವ ಬಸ್ಸು ಸಿಗದಿದ್ದರೆ ಟಿಕೆಟ್ಟಿನಲ್ಲಿ ಉಳಿದದ್ದು ಆಟೋಕ್ಕೆ ಹೋಗುತ್ತದೆ.

ಆದುದರಿಂದ ನೌಕರರ ಸಂಘಗಳಲ್ಲಿ ನನ್ನದೊಂದು ವಿನಂತಿ. ತಮ್ಮ ಸದಸ್ಯರಲ್ಲಿ ಯಾವ ಊರಿನಿಂದ ಎಷ್ಟು ಜನ, ಯಾವ ಹೊತ್ತಿಗೆ ಓಡಾಡುತ್ತಾರೆ ಎಂಬ ಪಟ್ಟಿ ಮಾಡಿ, ಅಷ್ಟು ಜನ ತಿಂಗಳ ಪಾಸು ಪಡೆಯಲು ಸಿದ್ಧರಿದ್ದೇವೆ ಎಂಬ ಸಹಿಯೊಂದಿಗೆ ಶಿರಸಿಯ ಸಾರಿಗೆ ವಿಭಾಗೀಯ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಕೊಡಲಿ. ಖಾಲಿ ಓಡುವ ಭಯವಿಲ್ಲದ ಬಸ್ಸನ್ನು ಕೇಳುವಾಗ ನಿರಾಕರಿಸಲು ಕಾರಣ ಕಡಿಮೆ. ಶಾಲೆ ಕಾಲೇಜುಗಳು ಮತ್ತೆ ತೆರೆಯುವ ಜೂನ್‌ಗೆ ಮೊದಲೇ ಈ ಪಟ್ಟಿ ತಲುಪಿದರೆ, ಹೊಸ ವೇಳಾಪಟ್ಟಿ ಮಾಡುವಾಗ ಬೆಳಿಗ್ಗೆ 10ಕ್ಕೆ ಮೊದಲು ಕಾರವಾರ ಮುಟ್ಟುವ ಮತ್ತು ಸಂಜೆ 6ರೊಳಗೆ ಅಲ್ಲಿಂದ ಹೊರಡುವ ಬಸ್ಸುಗಳನ್ನು ಸೇರಿಸಲು ಸಮಯವಿರುತ್ತದೆ.

ಇತಿ,
ಒಬ್ಬ ನಿತ್ಯ ಪ್ರಯಾಣಿಕ,
ಅಂಕೋಲಾ