ಇಡೀ ತಲೆಮಾರಿನ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಪ್ರತಿ ಚುನಾವಣೆ ಮುಗಿದ ಮೇಲೂ ಇದೇ ಜಗಳ. 2016ರಲ್ಲಿ ಟ್ರಂಪ್ ಗೆದ್ದಾಗ ‘ಬೂಮರ್’ಗಳಿಂದ, ಅಂದರೆ 1946ರಿಂದ 1964ರ ನಡುವೆ ಹುಟ್ಟಿದವರಿಂದ, ದೇಶ ಹಾಳಾಯಿತು ಅಂದರು. 2024ರಲ್ಲಿ ಟ್ರಂಪ್ ಮತ್ತೆ ಗೆದ್ದಾಗ ಹುಡುಗರ ಮೇಲೆ ಗೂಬೆ ಕೂರಿಸಿದರು. ಮತಗಟ್ಟೆ ಸಮೀಕ್ಷೆ ನೋಡಿದರೆ 65 ದಾಟಿದವರ ವೋಟು ಹೆಚ್ಚುಕಡಿಮೆ ಅರ್ಧರ್ಧ ಹಂಚಿಹೋಗಿತ್ತು. ಮೂವತ್ತರ ಒಳಗಿನವರಲ್ಲಿ, 2020ರಷ್ಟು ಅಲ್ಲದಿದ್ದರೂ, ಟ್ರಂಪ್ ಎದುರಾಳಿಯಾದ ಡೆಮಾಕ್ರಟಿಕ್ ಪಕ್ಷಕ್ಕೇ ಜಾಸ್ತಿ ಬಿದ್ದಿತ್ತು. ಹಾಗಿದ್ದರೆ ಇಡೀ ತಲೆಮಾರನ್ನು ಬೈಯುವುದು ಯಾಕೆ?

ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲೂ ಊಟದ ಹೊತ್ತಿಗೆ ಈ ಮಾತು ಬರುತ್ತದೆ. “ಹಳಬರೆಲ್ಲ ಮನೆ ಮಾಡಿಕೊಂಡ್ರು, ನಮಗೆ ಸಾಲ ಬಿಟ್ರು” ಅಂತ ಮಕ್ಕಳು ಸಿಟ್ಟಾಗುತ್ತಾರೆ. ಅವರ ಸಿಟ್ಟು ಸುಮ್ನೆ ಬಂದಿದ್ದಲ್ಲ. ಕ್ಯಾಲಿಫೋರ್ನಿಯಾದ ಮನೆ ತೆರಿಗೆಯನ್ನೇ ನೋಡಿ. 1978ರಲ್ಲಿ ಜನರೇ ವೋಟು ಹಾಕಿ ತಂದ ‘ಪ್ರಾಪೊಸಿಷನ್ 13’ ಎಂಬ ಕಾನೂನಿನ ಪ್ರಕಾರ ಮನೆ ಕೊಂಡ ಬೆಲೆಯ ಮೇಲೆ ಸುಮಾರು ಶೇ 1 ತೆರಿಗೆ. ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆ ಇವೆ ಅಂದುಕೊಳ್ಳಿ. 1985ರಲ್ಲಿ 1.5 ಲಕ್ಷ ಡಾಲರ್‌ಗೆ ಕೊಂಡವರು ಈಗ ವರ್ಷಕ್ಕೆ 3,500 ಡಾಲರ್ ಒಳಗೇ ಕಟ್ಟಿದರೆ, ಪಕ್ಕದ ಮನೆಯನ್ನು ಈಗ 15 ಲಕ್ಷಕ್ಕೆ ಕೊಂಡ ದಂಪತಿ 15,000 ಕಟ್ಟಬೇಕು. ರಸ್ತೆ ಅದೇ, ಶಾಲೆಯೂ ಅದೇ.

ಇದಕ್ಕೆ ಬೂಮರ್‌ಗಳೇ ಕಾರಣವಾ? 1978ರಲ್ಲಿ ಅವರಲ್ಲಿ ಹಿರಿಯರಿಗೆ 32 ವರ್ಷ. ಕಿರಿಯರಿಗೆ 14, ವೋಟೇ ಇರಲಿಲ್ಲ. ಮುಂದೆ ನಿಂತು ಈ ಕಾನೂನು ತಂದ ಹೋವರ್ಡ್ ಜಾರ್ವಿಸ್‌ಗೆ ಆಗ ಎಪ್ಪತ್ತು ದಾಟಿತ್ತು. ದೊಡ್ಡ ದೊಡ್ಡ ಕಂಪನಿಗಳ ಜಾಗಗಳಿಗೂ ಇದೇ ರಿಯಾಯಿತಿ ಸಿಗುತ್ತಿದೆ. ಅದನ್ನು ತೆಗೆಯೋಣ ಅಂತ 2020ರಲ್ಲಿ ಜನರ ಮುಂದಿಟ್ಟಾಗ ಸೋತುಹೋಯಿತು. ಆ ಹೊತ್ತಿಗೆ ಇಂದಿನ ಮೂವತ್ತು, ನಲವತ್ತರವರೂ ಮತದಾರರೇ ಆಗಿದ್ದರು.

ಹುಡುಗರು ವೋಟು ಹಾಕಲ್ಲ, ಸೋಮಾರಿಗಳು ಅನ್ನುವವರಿಗೂ ಒಂದು ಮಾತು. 1845ರ ಕಾನೂನಿನಂತೆ ಅಧ್ಯಕ್ಷರ ಚುನಾವಣೆಯ ದಿನ ಇವತ್ತಿಗೂ ಮಂಗಳವಾರವೇ. ದೇಶಕ್ಕೆಲ್ಲ ಅನ್ವಯಿಸುವ ರಜೆ ಇಲ್ಲ. ಮುಂಚಿತವಾಗಿಯೋ ಅಂಚೆಯಲ್ಲೋ ವೋಟು ಹಾಕಲು ಆಗದಿದ್ದರೆ, ಗಂಟೆ ಲೆಕ್ಕದ ಸಂಬಳಕ್ಕೆ ದುಡಿಯುವ ಹುಡುಗಿ ಅವತ್ತು ಕೆಲಸ ಬಿಟ್ಟು ಸರತಿಯಲ್ಲಿ ನಿಲ್ಲಬೇಕು. ಟೆಕ್ಸಸ್‌ನಲ್ಲಂತೂ ಮತಗಟ್ಟೆಯಲ್ಲಿ ಪಿಸ್ತೂಲಿನ ಲೈಸೆನ್ಸ್ ತೋರಿಸಿದರೆ ಸಾಕು, ಕಾಲೇಜಿನ ಗುರುತಿನ ಚೀಟಿ ನಡೆಯುವುದಿಲ್ಲ! ಇಷ್ಟಾದರೂ 2020ರಲ್ಲಿ 18ರಿಂದ 24ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವೋಟು ಹಾಕಿದರು. ಅವರನ್ನು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಓದುಗರು ನಿಮಗೆ ಬಹಳ ಜನ. ಇಲ್ಲಿನ ಚುನಾವಣೆ ಬಗ್ಗೆ ಬರೆಯುವಾಗ ಯಾವ ವಯಸ್ಸಿನವರು ಕೈಕೊಟ್ಟರು ಅನ್ನುವುದಕ್ಕಿಂತ, ಯಾವ ರಾಜ್ಯದಲ್ಲಿ ಯಾವ ಕಾನೂನು ಇದೆ, ಅದನ್ನು ತಂದವರು ಯಾರು, ಲಾಭ ಯಾರಿಗಾಯಿತು ಅನ್ನುವುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ಇಂತಿ,
ನಿಮ್ಮ ಓದುಗ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ