ಬರುವ ದಿನ ಮೊದಲು ಗೊತ್ತು ಮಾಡು, ಪುಟ್ಟಿ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನ್ಯೂಜೆರ್ಸಿಯ ಹನ್ನೊಂದು ವರ್ಷದ ಸಂಸಾರ ಕಟ್ಟಿಕೊಂಡು ನೀವು ಮೈಸೂರಿಗೆ ಬರುತ್ತೀರಿ ಅಂದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ಆದರೆ ಟಿಕೆಟ್ ಈಗಲೇ ತೆಗೆಸಬೇಡ. ತೆರಿಗೆ, ಸ್ಕೂಲು, ಸಾಮಾನು ಎಲ್ಲವೂ ನೀವು ಬಂದಿಳಿಯುವ ದಿನದ ಮೇಲೆ ನಿಂತಿವೆ.

ಅಕ್ಟೋಬರ್ ಆದ ಮೇಲೆ ಬಂದರೆ ತೆರಿಗೆ ಉಳಿಯುತ್ತೆ ಅಂತ ಅಲ್ಲಿನವರು ಹೇಳಿರುತ್ತಾರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನಿವಾಸಿ, ಅದಕ್ಕೆ ಆ ಮಾತು. ಅದಕ್ಕೋಸ್ಕರ ಪಾಪುವಿನ ಸ್ಕೂಲಿನ ವರ್ಷ ಕೆಡಿಸಬೇಡ. ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು ಒಟ್ಟು 729 ಮೀರದಿದ್ದರೆ ನೀನು ನಿವಾಸಿಯಾದರೂ ‘ಸಾಮಾನ್ಯ ನಿವಾಸಿ’ ಅಲ್ಲ. ಬ್ಯಾಂಕಿನವರು, ಆಡಿಟರ್‌ಗಳು ಇದನ್ನೇ ಆರ್‌ಎನ್‌ಓಆರ್ ಅನ್ನುತ್ತಾರೆ. ಅಷ್ಟು ದಿನ ಅಲ್ಲಿನ ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ ಅಲ್ಲಿನ ಖಾತೆಗೇ ಬಿದ್ದರೆ ಇಲ್ಲಿ ತೆರಿಗೆ ಇಲ್ಲ.

ವರ್ಷಕ್ಕೆ 30 ದಿನ ಬಂದು ಹೋಗಿದ್ದೀಯ ಅಂತ ಇಟ್ಟುಕೋ. ಮೇ 20ಕ್ಕೆ ಇಳಿದರೆ ಮಾರ್ಚ್ ಕೊನೆಗೆ 316 ದಿನ ಆಗುತ್ತೆ. ಆ ವರ್ಷಕ್ಕೆ ಹಿಂದಿನ 7 ವರ್ಷದ ಮೊತ್ತ 210, ಚಿಂತೆಯಿಲ್ಲ. ಎರಡನೇ ವರ್ಷಕ್ಕೆ 316ಕ್ಕೆ ಅದರ ಹಿಂದಿನ 6 ವರ್ಷದ 180 ಸೇರಿ 496, ಆಗಲೂ ಉಳಿದುಕೊಂಡೆ. ಮೂರನೇ ವರ್ಷಕ್ಕೆ 316, 365, 150 ಸೇರಿ 831. ಅಲ್ಲಿಂದ ನೀನು ಪೂರ್ತಿ ನಿವಾಸಿ. ಅಂದರೆ ಮೇ ತಿಂಗಳಲ್ಲಿ ಬಂದರೂ ಎರಡು ವರ್ಷ ಕೈಯಲ್ಲಿರುತ್ತೆ. ಕಂಪನಿ ಕೊಟ್ಟ ಷೇರುಗಳನ್ನು ಮಾರುವ ಮನಸ್ಸಿದ್ದರೆ ಆ ಎರಡು ವರ್ಷದೊಳಗೆ ಮಾರು. ಆಮೇಲೆ ಅಲ್ಲಿನ ಒಂದೊಂದು ಖಾತೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಮರೆತರೆ ದಂಡ 10 ಲಕ್ಷದವರೆಗೆ ಹೋಗಬಹುದು. ಪಾಸ್‌ಪೋರ್ಟಿನ ಮೊಹರುಗಳನ್ನು ನೋಡಿ ನಿನ್ನ ದಿನ, ಅಳಿಯಂದಿರ ದಿನ ಬೇರೆ ಬೇರೆ ಎಣಿಸಿ. ಇಬ್ಬರ ಲೆಕ್ಕ ಒಂದೇ ಇರಲ್ಲ.

ಅಳಿಯಂದಿರು ಅಲ್ಲಿನ ಕೆಲಸವನ್ನೇ ಮೈಸೂರಿನಲ್ಲಿ ಕೂತು ಮಾಡುವ ಯೋಚನೆಯಲ್ಲಿದ್ದಾರಲ್ಲ, ಅವರಿಗೊಂದು ಮಾತು ಹೇಳು. ಇಲ್ಲಿ ಕೂತು ಮಾಡಿದ ಕೆಲಸದ ಸಂಬಳ ಡಾಲರಿನಲ್ಲಿ ಬಂದರೂ ಇಲ್ಲಿನ ಆದಾಯವೇ. ಅದಕ್ಕೆ ಮೊದಲ ದಿನದಿಂದ ತೆರಿಗೆ ಇದೆ, ಆರ್‌ಎನ್‌ಓಆರ್ ಅಂತ ವಿನಾಯಿತಿ ಸಿಗಲ್ಲ.

ಬ್ಯಾಂಕಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನೆಲೆಸಲು ಅಂತ ಬಂದ ಮೇಲೆ ಅನಿವಾಸಿಗಳಿಗೆ ಅಂತ ಇರುವ ಎನ್‌ಆರ್‌ಇ ಖಾತೆ ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆಗೆ ಬದಲಾಯಿಸಬೇಕು. ಅದರ ಬಡ್ಡಿಗಿದ್ದ ವಿನಾಯಿತಿಯೂ ಅಲ್ಲಿಗೆ ಮುಗಿಯುತ್ತೆ, ಆರ್‌ಎನ್‌ಓಆರ್ ಆಗಿದ್ದರೂ ಸಿಗಲ್ಲ. ಅನಿವಾಸಿಗಳು ವಿದೇಶಿ ಹಣದಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಯನ್ನು ಮಾತ್ರ ಅವಧಿ ಮುಗಿಯುವವರೆಗೆ ಅದೇ ಬಡ್ಡಿಗೆ ಬಿಡಬಹುದು. ಡಾಲರು ಡಾಲರಾಗಿಯೇ ಇರಲಿ ಅನಿಸಿದರೆ ವಾಪಸ್ ಬಂದವರು ವಿದೇಶಿ ಹಣ ಇಡುವ ಆರ್‌ಎಫ್‌ಸಿ ಖಾತೆ ತೆರೆ. ಅಲ್ಲಿನ ನಿವೃತ್ತಿ ಉಳಿತಾಯದ 401(ಕೆ) ದುಡ್ಡನ್ನು ಅವಸರಕ್ಕೆ ಒಡೆಯಬೇಡ. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಮೊತ್ತದ 10% ದಂಡ ಬೀಳುತ್ತೆ.

ಅಲ್ಲಿನ ಫೋನ್ ನಂಬರನ್ನು ರದ್ದು ಮಾಡಬೇಡ. ಬ್ಯಾಂಕು, ಷೇರು ಖಾತೆ ಎಲ್ಲದರ ಓಟಿಪಿ ಅದಕ್ಕೇ ಬರೋದು. ಕಡಿಮೆ ದರದ ಪ್ಲಾನ್‌ಗೆ ಹಾಕಿ, ವೈಫೈ ಕಾಲಿಂಗ್ ಅಲ್ಲಿರುವಾಗಲೇ ಆನ್ ಮಾಡಿ ನೋಡಿಕೋ.

ಇನ್ನು ಸಾಮಾನು. ಒಂದೊಂದು ಮಷೀನನ್ನೂ ತಿರುಗಿಸಿ ಹಿಂದಿನ ಚೀಟಿ ಓದು. ‘100–240 ವೋಲ್ಟ್, 50/60 ಹರ್ಟ್ಜ್’ ಅಂತಿದ್ದರೆ ತಾ; ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳೆಲ್ಲ ಹಾಗೇ ಇರುತ್ತವೆ. ಬರೀ ‘120 ವೋಲ್ಟ್, 60 ಹರ್ಟ್ಜ್’ ಅಂತಿದ್ದರೆ ಅಲ್ಲೇ ಯಾರಿಗಾದರೂ ಕೊಡು. ಇಲ್ಲಿನ 230 ವೋಲ್ಟಿಗೆ ಹಾಕಿದರೆ ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್‌ನಂಥವು ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತವೆ. ಅಲ್ಲಿ ಕೊಂಡ ಮಿಕ್ಸಿಗೂ ಅದೇ ಗತಿ. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸುತ್ತೇನೆ ಅನ್ನಬೇಡ, ಸಾವಿರ ವಾಟಿನ ಮಷೀನಿಗೆ ಬೇಕಾದ ಟ್ರಾನ್ಸ್‌ಫಾರ್ಮರ್ ತುಂಬಾ ಭಾರ. ಮಂಚ ತರುವುದಾದರೆ ಹಾಸಿಗೆಯನ್ನೂ ತಾ. ಅಲ್ಲಿನ ಕ್ವೀನ್ ಹಾಸಿಗೆ 60ಕ್ಕೆ 80 ಇಂಚು, ಇಲ್ಲಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು 60ಕ್ಕೆ 78. ಎರಡಿಂಚು ಸಂದಿ ಉಳಿಯುತ್ತೆ.

ಡಬ್ಬಗಳಿಗೆ ನಂಬರ್ ಹಾಕಿ ಯಾವುದರಲ್ಲಿ ಏನಿದೆ ಅಂತ ಪಟ್ಟಿ ಬರೆ. ಪಟ್ಟಿಯಲ್ಲಿ ‘ಇತರೆ’ ಅಂತ ಬರೆದ ಡಬ್ಬವನ್ನೇ ಕಸ್ಟಮ್ಸ್‌ನವರು ಮೊದಲು ಬಿಚ್ಚಿಸೋದು. ಬಳಸಿದ ಸಾಮಾನಿಗೆ ರಿಯಾಯಿತಿ ಇದೆ, ಸೀಲು ಒಡೆಯದ ಹೊಸದಕ್ಕೆ ಸುಂಕ ಕೇಳುತ್ತಾರೆ. ಬಿಡಿಸಿಕೊಳ್ಳಲು ಮೂಲ ಪಾಸ್‌ಪೋರ್ಟ್ ಬೇಕು, ಆ ವಾರಗಳಲ್ಲಿ ಅದನ್ನು ನವೀಕರಣಕ್ಕೆ ಕೊಟ್ಟಿರಬಾರದು. ಕಾರಿನ ಆಸೆ ಬಿಡು, ಎಡಗಡೆ ಸ್ಟೀರಿಂಗ್ ಇಲ್ಲಿ ನಡೆಯಲ್ಲ.

ಪಾಪು ಅಮೆರಿಕದ ಪ್ರಜೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಅಲ್ಲೇ ಮಾಡಿಸಿ ಕೈಗೆ ಬಂದ ಮೇಲೆಯೇ ಹೊರಡಿ. ಟೂರಿಸ್ಟ್ ವೀಸಾದಲ್ಲಿ ಕರೆತಂದು ಇಲ್ಲಿ ಮಾಡಿಸೋಣ ಅನ್ನುವ ಯೋಚನೆ ಬೇಡ. ಜನನ ಪತ್ರಕ್ಕೆ ಆ ರಾಜ್ಯದಿಂದ ಅಪಾಸ್ಟಿಲ್ (ದಾಖಲೆ ಅಸಲಿ ಅನ್ನುವ ದೃಢೀಕರಣ) ಹಾಕಿಸು, ಲಸಿಕೆಯ ದಾಖಲೆ ತಾ. ಬಿಸಿಜಿ, ಟೈಫಾಯ್ಡ್ ಅಲ್ಲಿ ವಾಡಿಕೆಯಾಗಿ ಹಾಕಲ್ಲ, ಬಂದ ಮೇಲೆ ಮಕ್ಕಳ ಡಾಕ್ಟರ ಹತ್ತಿರ ಕೇಳೋಣ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಸಿಬಿಎಸ್‌ಇ ಸ್ಕೂಲಿನಲ್ಲೂ ಕನ್ನಡ ಕಲಿಯಬೇಕು. ಅವನು ಮಾತು ಚೆನ್ನಾಗಿ ಆಡುತ್ತಾನೆ, ಅಕ್ಷರ ಬರಲ್ಲ. ದಿನಾ ಹತ್ತು ನಿಮಿಷ ಬರೆಸು. ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’ ಪಕ್ಕಪಕ್ಕದಲ್ಲಿಟ್ಟು ತೋರಿಸು, ಮಕ್ಕಳು ಅಲ್ಲೇ ತಡವರಿಸೋದು. ಒತ್ತಕ್ಷರ ನಾನು ಇಲ್ಲಿ ಹೇಳಿಕೊಡುತ್ತೇನೆ.

ಅವನ ಪಾಸ್‌ಪೋರ್ಟ್ ಅವಧಿ 5 ವರ್ಷ ಮಾತ್ರ. ಯಾವತ್ತು ಮುಗಿಯುತ್ತೆ ಅಂತ ಇವತ್ತೇ ನೋಡಿ ಬರೆ. ಓಸಿಐಗೆ ಮೊದಲು ಅದನ್ನು ಹೊಸದು ಮಾಡಿಸಬೇಕಾಗಬಹುದು.

ಇಂತಿ,
ಅಪ್ಪ